ಪುರಭವನದ ಮೆಟ್ಟಿಲು: ಬೆಂಗಳೂರು ಟೌನ್ ಹಾಲ್ ಕುರಿತು ಒಂದು ಪ್ರಕರಣ ಅಧ್ಯಯನ

ಹಡ್ಸನ್ ವೃತ್ತ ದಾಟಿ ಜೆ.ಸಿ. ರಸ್ತೆಯ ತುದಿಗೆ ಬಂದರೆ ಎತ್ತರದ ಕಂಬಗಳ ಸಾಲು ಹೊತ್ತ ಕಟ್ಟಡವೊಂದು ಕಣ್ಣಿಗೆ ಬೀಳುತ್ತದೆ. ಕಾಗದಪತ್ರಗಳಲ್ಲಿ ಅದು ಸರ್ ಕೆ.ಪಿ. ಪುಟ್ಟಣ್ಣ ಚೆಟ್ಟಿ ಪುರಭವನ. ಬಸ್ಸಿನ ಕಂಡಕ್ಟರು, ಆಟೊದವರು, ಎಸ್.ಪಿ. ರಸ್ತೆಗೆ ಕಂಪ್ಯೂಟರ್ ಸಾಮಾನು ಹುಡುಕಿಕೊಂಡು ಬರುವ ಹುಡುಗರು, ಎಲ್ಲರ ಬಾಯಲ್ಲೂ ಅದು ಟೌನ್ ಹಾಲ್. ಒಂದಲ್ಲ ಒಂದು ಸಲ ಇದರ ಹೆಸರು ಹೇಳಿ ದಾರಿ ಕೇಳದ ಬೆಂಗಳೂರಿಗ ಸಿಗುವುದು ಕಷ್ಟ. ಆದರೆ ಒಳಗೆ ಹೋಗಿ ಕುರ್ಚಿಯಲ್ಲಿ ಕೂತವರು ಯಾರು ಎಂದು ಕೇಳಿ ನೋಡಿ, ಕೈ ಎತ್ತುವವರು ಕಡಿಮೆ.

ಒಳಗೆ ಕಾಲಿಡದ ಜನಕ್ಕೂ ಒಂದು ಸಭಾಭವನ ತಮ್ಮದು ಅನ್ನಿಸಿದ್ದು ಹೇಗೆ? ನಾನು ಈ ಪ್ರಕರಣವನ್ನು ಕೈಗೆತ್ತಿಕೊಂಡದ್ದು ಈ ಪ್ರಶ್ನೆಗಾಗಿ. ಪಾರಂಪರಿಕ ಕಟ್ಟಡಗಳ ಬಗ್ಗೆ ನಾವು ಬರೆಯುವಾಗ ಕಂಬ, ಕಮಾನು, ಗಾರೆಗಳ ವರ್ಣನೆಗೇ ನಿಂತುಬಿಡುತ್ತೇವೆ. ಬೆಂಗಳೂರು ಪುರಭವನದ ವಿಷಯದಲ್ಲಿ ಅಷ್ಟು ಸಾಲದು. ಕಟ್ಟಿಸಿದವರು ಊರಿಗೆ ಕೊಟ್ಟದ್ದು ಒಳಗಿನ ಸಭಾಂಗಣವನ್ನು. ಊರು ತನ್ನದೆಂದು ಎತ್ತಿಕೊಂಡದ್ದು ಹೊರಗಿನ ಮೆಟ್ಟಿಲನ್ನು. ಆ ಮೆಟ್ಟಿಲ ಮೇಲಿಂದ ಜನರನ್ನು ಎಬ್ಬಿಸಿ ಕಳಿಸಿ ಈಗ ಕೆಲವು ವರ್ಷಗಳಾಗಿವೆ. ಕಟ್ಟಡ ಗಟ್ಟಿಯಾಗಿಯೇ ನಿಂತಿದೆ. ಆದರೆ ಅದರ ಜೀವ ಇದ್ದ ಜಾಗವನ್ನೇ ನಾವು ಮುಚ್ಚಿದ್ದೇವೆ ಎಂಬುದು ನನ್ನ ವಾದ.

ಪೇಟೆ ಮತ್ತು ದಂಡು

ಪುರಭವನ ಯಾಕೆ ಅಲ್ಲಿದೆ, ಅಷ್ಟು ತಡವಾಗಿ ಯಾಕೆ ಬಂತು ಎಂದು ತಿಳಿಯಲು ಬೆಂಗಳೂರು ಎರಡಾಗಿದ್ದ ಕಾಲಕ್ಕೆ ಹೋಗಬೇಕು. ಕೆಂಪೇಗೌಡರ ಪೇಟೆ ಒಂದು ಕಡೆ: ನಗರ್ತಪೇಟೆ, ಕಬ್ಬನ್‌ಪೇಟೆ, ತಿಗಳರಪೇಟೆ, ಧರ್ಮರಾಯನ ಗುಡಿ, ಕರಗ. 1809ರಲ್ಲಿ ಬ್ರಿಟಿಷರ ಸೈನ್ಯಕ್ಕಾಗಿ ಹುಟ್ಟಿಕೊಂಡ ದಂಡು ಪ್ರದೇಶ ಇನ್ನೊಂದು ಕಡೆ. ನಡುವೆ ಕಬ್ಬನ್ ಪಾರ್ಕಿನ ಹಸಿರು. 1862ರಲ್ಲಿ ಪೇಟೆಗೊಂದು, ದಂಡಿಗೊಂದು ಎಂದು ಎರಡು ಪುರಸಭೆಗಳೇ ಆದವು. 1881ರಲ್ಲಿ ರಾಜ್ಯವನ್ನು ಮೈಸೂರು ಒಡೆಯರಿಗೆ ಮರಳಿ ಕೊಟ್ಟಾಗಲೂ ದಂಡನ್ನು ಬ್ರಿಟಿಷರು ತಮ್ಮ ಕೈಯಲ್ಲೇ ಉಳಿಸಿಕೊಂಡರು. ಅದು ಮೈಸೂರಿಗೆ ಮರಳಿದ್ದು 1947ರ ಜುಲೈನಲ್ಲಿ, ಸ್ವಾತಂತ್ರ್ಯಕ್ಕೆ ಕೆಲವೇ ದಿನ ಬಾಕಿ ಇರುವಾಗ.

ದಂಡಿನವರಿಗೆ 1883ರಲ್ಲೇ ಮೇಯೋ ಹಾಲ್ ಎದ್ದಿತ್ತು. ಅಂಡಮಾನಿನಲ್ಲಿ 1872ರಲ್ಲಿ ಕೊಲೆಯಾದ ವೈಸ್‌ರಾಯ್ ಲಾರ್ಡ್ ಮೇಯೋ ನೆನಪಿಗೆ ಕಟ್ಟಿದ ಭವನ ಅದು. ಪೇಟೆಯ ಪುರಸಭೆಗೆ ಅಂಥ ಸ್ವಂತ ಭವನ ಸಿಗಲು ಮತ್ತೆ ಅರ್ಧ ಶತಮಾನ ಹಿಡಿಯಿತು. ಆವರೆಗೆ ಊರಿನ ನಾಟಕ, ಸಭೆಗಳು ದೊಡ್ಡಣ್ಣ ಹಾಲಿನಂಥ ಜಾಗಗಳಲ್ಲಿ ಆಗುತ್ತಿದ್ದವು. ಅದು ಜನೋಪಕಾರಿ ದೊಡ್ಡಣ್ಣ ಶೆಟ್ಟರ ಕೊಡುಗೆ. ಸಂಜೆ ಪಾರ್ಕುಗಳಲ್ಲಿ ಭಾಷಣ ಕೇಳುವುದೂ ಪೇಟೆಯ ಜನಕ್ಕೆ ರೂಢಿಯಾಗಿತ್ತು. ಈ ರೂಢಿಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಬ್ರಿಟಿಷರ ಆಳ್ವಿಕೆಯ ದೊಡ್ಡ ನಗರಗಳಲ್ಲಿ ಟೌನ್ ಹಾಲ್ ಎಂದರೆ ಮೊದಲಿಗೆ ಯುರೋಪಿಯನ್ನರ ಕೂಟದ ಮನೆ. ಕಲ್ಕತ್ತೆಯ ಟೌನ್ ಹಾಲನ್ನು ಲಾಟರಿ ನಡೆಸಿ ಎತ್ತಿದ ಹಣದಿಂದ 1810ರ ದಶಕದಲ್ಲಿ ಕಟ್ಟಿದರು. ಮುಂಬಯಿಯದು 1833ರಲ್ಲಿ ಮುಗಿಯಿತು. ಎರಡಕ್ಕೂ ಗ್ರೀಕ್ ರೋಮನ್ ಮಾದರಿಯ ಕಂಬಗಳು, ಎದುರಿಗೆ ಮೆಟ್ಟಿಲು. ಬೆಂಗಳೂರಿನ ಪುರಭವನ ನೋಡಲು ಅದೇ ವಂಶದ್ದು, ಆದರೆ ಕಟ್ಟಿದವರು ಬೇರೆ. ಇದನ್ನು ಎತ್ತಿದ್ದು ದೇಶೀ ಸಂಸ್ಥಾನದ ಒಂದು ನಗರಸಭೆ, ಭಾರತೀಯ ದಿವಾನರೊಬ್ಬರ ಕಾಲದಲ್ಲಿ, ಊರಿನವರೇ ಆದ ಮಾಜಿ ಅಧ್ಯಕ್ಷರೊಬ್ಬರ ಹೆಸರಿನಲ್ಲಿ. ವಸಾಹತು ಕಾಲದ ಕಟ್ಟಡ ಎಂದು ಒಂದೇ ಮಾತಿನಲ್ಲಿ ಹೇಳಿ ಮುಗಿಸಿದರೆ ಈ ವ್ಯತ್ಯಾಸ ಕಣ್ಮರೆಯಾಗುತ್ತದೆ. ಊರಿಗೂ ಕಟ್ಟಡಕ್ಕೂ ಮುಂದೆ ಬೆಳೆದ ನಂಟಿಗೆ ಬೇರು ಇಲ್ಲೇ ಇದೆ.

ಮೈಸೂರು ಸಂಸ್ಥಾನದಲ್ಲಿ ಇದಕ್ಕೊಂದು ಅಣ್ಣನೂ ಇತ್ತು. 1881ರಲ್ಲಿ ಪ್ರಜಾಪ್ರತಿನಿಧಿ ಸಭೆಯನ್ನು ಆರಂಭಿಸಿದ ದಿವಾನ್ ಸಿ.ವಿ. ರಂಗಾಚಾರ್ಲು ಎರಡೇ ವರ್ಷದಲ್ಲಿ ತೀರಿಕೊಂಡಾಗ, ಅವರ ನೆನಪಿಗೆ ಮೈಸೂರು ನಗರದಲ್ಲಿ 1884ರಲ್ಲಿ ರಂಗಾಚಾರ್ಲು ಸ್ಮಾರಕ ಭವನ ಕಟ್ಟಿದರು. ಇವತ್ತಿಗೂ ಅದು ಮೈಸೂರಿನವರ ಟೌನ್ ಹಾಲ್. ಸ್ವಾತಂತ್ರ್ಯಾನಂತರ ಮಂಗಳೂರಿನ ಪುರಭವನಕ್ಕೆ ದಲಿತರ ಶಿಕ್ಷಣಕ್ಕಾಗಿ ದುಡಿದ ಕುದ್ಮುಲ್ ರಂಗರಾಯರ ಹೆಸರು ಬಂತು. ಮೂರು ಊರಿನ ಮೂರು ಪುರಭವನಗಳಲ್ಲಿ ಒಂದಕ್ಕೂ ವೈಸ್‌ರಾಯ್ ಹೆಸರಿಲ್ಲ. ನನಗೆ ಇದು ಸಣ್ಣ ಸಂಗತಿಯಾಗಿ ಕಾಣುವುದಿಲ್ಲ.

1933ರಿಂದ 1935

ಪುರಭವನಕ್ಕೆ ಶಂಕುಸ್ಥಾಪನೆಯಾದದ್ದು 1933ರ ಮಾರ್ಚ್ 6ರಂದು, ನಾಲ್ವಡಿ ಕೃಷ್ಣರಾಜ ಒಡೆಯರ ಕೈಯಿಂದ. 1935ರ ಸೆಪ್ಟೆಂಬರ್ 11ರಂದು ಯುವರಾಜ ಕಂಠೀರವ ನರಸಿಂಹರಾಜ ಒಡೆಯರು ಅದನ್ನು ಉದ್ಘಾಟಿಸಿದರು. ಖರ್ಚು ಸುಮಾರು 1.75 ಲಕ್ಷ ರೂಪಾಯಿ. ಆಗ ದಿವಾನರಾಗಿದ್ದವರು ಸರ್ ಮಿರ್ಜಾ ಇಸ್ಮಾಯಿಲ್. 1926ರಿಂದ 1941ರವರೆಗಿನ ಅವರ ದಿವಾನಗಿರಿಯಲ್ಲಿ ಬೆಂಗಳೂರು, ಮೈಸೂರುಗಳ ವೃತ್ತ, ಉದ್ಯಾನ, ರಸ್ತೆ, ಕಟ್ಟಡಗಳಿಗೆ ಒಂದು ಅಚ್ಚುಕಟ್ಟು ಬಂದುದನ್ನು ಹಳಬರು ಈಗಲೂ ನೆನೆಯುತ್ತಾರೆ. ಊರು ಚೆಂದವಾಗಿರಬೇಕು ಎಂಬುದನ್ನು ಆಡಳಿತದ ಕೆಲಸವೆಂದೇ ಎಣಿಸಿದವರು ಅವರು.

ಜಾಗದ ಆಯ್ಕೆ ಬಹಳ ಚೆನ್ನಾಗಿದೆ. ಪಕ್ಕದಲ್ಲೇ ಪೇಟೆ. 1927ರಲ್ಲಿ ಮಹಾರಾಜರ ಆಳ್ವಿಕೆಯ ಬೆಳ್ಳಿಹಬ್ಬದ ನೆನಪಿಗಾದ ಸಿಲ್ವರ್ ಜ್ಯುಬಿಲಿ ಪಾರ್ಕ್ ಹತ್ತಿರ, ಎಸ್.ಜೆ.ಪಿ. ರಸ್ತೆ ಎಂದು ನಾವು ಈಗ ಕರೆಯುವುದು ಅದರ ಹೆಸರನ್ನೇ. ಮಾರ್ಕೆಟ್ಟಿಗೆ ನಡೆದು ಹೋಗುವಷ್ಟು ದೂರ. ಇನ್ನೊಂದು ಕಡೆ ಕಬ್ಬನ್ ಪಾರ್ಕು, ಅದರಾಚೆ ದಂಡು. ಹಳೆ ಊರು ತನ್ನ ಅಂಚಿಗೆ ಬಂದು ಹೊಸ ಊರಿನ ಕಡೆ ಮುಖ ಮಾಡಿ ನಿಂತ ಹಾಗೆ ಈ ಕಟ್ಟಡ ನಿಂತಿದೆ.

ಮುಂಭಾಗವನ್ನು ಒಮ್ಮೆ ನಿಂತು ನೋಡಬೇಕು. ಕಂಬಗಳು ಟಸ್ಕನ್ ಮಾದರಿಯವು: ಮೈಮೇಲೆ ಗೀರುಗಳಿಲ್ಲ, ತಲೆಯಲ್ಲಿ ಎಲೆ ಬಳ್ಳಿಗಳ ಕೆತ್ತನೆಯಿಲ್ಲ. ದುಂಡಗೆ ನೇರವಾಗಿ ಏರಿ, ಮೇಲೊಂದು ಸಾದಾ ಬಳೆ ತೊಟ್ಟು ಮುಗಿಯುತ್ತವೆ. ಅವುಗಳ ನೆತ್ತಿಯಲ್ಲಿ ತ್ರಿಕೋನಾಕಾರದ ಮುಡಿ. ಕಂಬಗಳ ಹಿಂದೆ ನೆರಳಿನ ಪಡಸಾಲೆ. ಪಡಸಾಲೆಯಿಂದ ರಸ್ತೆಯ ಕಡೆಗೆ ಅಗಲಕ್ಕೂ ಹರಡಿ ಇಳಿಯುವ ಮೆಟ್ಟಿಲುಗಳು. ಎದುರಿಗೆ ನಿಂತವರ ಕಣ್ಣು ತಾನಾಗಿ ಮೆಟ್ಟಿಲೇರಿ, ಕಂಬಗಳ ಜೊತೆ ಮೇಲಕ್ಕೆ ಹೋಗಿ, ತ್ರಿಕೋನದ ತುದಿಯಲ್ಲಿ ನಿಲ್ಲುತ್ತದೆ. ಕಟ್ಟಿದವರ ಉದ್ದೇಶ ಘನತೆ ಇರಬಹುದು. ಕಟ್ಟಿದ ಮೇಲೆ ಅದು ಒಂದು ರಂಗಸ್ಥಳವೂ ಆಯಿತು. ಮೇಲಿನ ಮೆಟ್ಟಿಲಲ್ಲಿ ನಿಂತವರು ರಸ್ತೆಯವರಿಗೆಲ್ಲ ಕಾಣುತ್ತಾರೆ, ರಸ್ತೆಯವರೆಲ್ಲ ಅವರಿಗೆ ಕಾಣುತ್ತಾರೆ.

ಪುಟ್ಟಣ್ಣ ಚೆಟ್ಟರ ವಿಷಯ ಚುಟುಕಾಗಿ ಹೇಳುತ್ತೇನೆ. ಮೈಸೂರು ಸರ್ಕಾರದ ಸೇವೆಯಲ್ಲಿ ಮೇಲಕ್ಕೆ ಬಂದು, ನಿವೃತ್ತಿಯ ನಂತರ ಬೆಂಗಳೂರು ನಗರಸಭೆಯ ಅಧ್ಯಕ್ಷರಾಗಿ ಕೆಲಸ ಮಾಡಿದ ದಾನಿ ಅವರು. ಪುರಭವನ ತೆರೆದಾಗ ಅವರಿನ್ನೂ ಬದುಕಿದ್ದರು, ತೀರಿಕೊಂಡದ್ದು 1938ರಲ್ಲಿ. ಚಾಮರಾಜಪೇಟೆಯ ಒಂದು ರಸ್ತೆಗೂ ಅವರ ಹೆಸರಿದೆ. ನಗರಸಭೆಯೊಂದು ತನ್ನ ಭವನಕ್ಕೆ ತನ್ನದೇ ಅಧ್ಯಕ್ಷರ ಹೆಸರಿಡಬಲ್ಲಷ್ಟು ಸ್ವಾಭಿಮಾನ ಇಟ್ಟುಕೊಂಡಿತ್ತು ಎಂಬುದು ಇಲ್ಲಿ ಮುಖ್ಯ. ಆ ಕಾಲದಲ್ಲಿ ಮಹಾರಾಜರ ಅಥವಾ ಬ್ರಿಟಿಷರ ಪ್ರತಿನಿಧಿಯಾದ ರೆಸಿಡೆಂಟರ ಹೆಸರಿಡುವುದು ಸುಲಭದ ದಾರಿಯಾಗಿತ್ತು.

ಒಂದೇ ಕೂಡುರಸ್ತೆಯಲ್ಲಿ ಎರಡು ಸ್ಮಾರಕ

ಪುರಭವನದ ಸುತ್ತಲಿನ ನೆಲಕ್ಕೆ ಹಳೆಯ ಗಾಯವೊಂದಿದೆ. ಮೂರನೆಯ ಮೈಸೂರು ಯುದ್ಧದಲ್ಲಿ, 1791ರ ಮಾರ್ಚ್ 7ರಂದು, ಕಾರ್ನ್‌ವಾಲಿಸನ ಸೈನ್ಯ ಹಲಸೂರು ಗೇಟಿನಿಂದ ಪೇಟೆಗೆ ನುಗ್ಗಿತು. ಆ ಬಾಗಿಲು ಇದ್ದದ್ದು ಈಗಿನ ಪಾಲಿಕೆ ಕಚೇರಿಯ ಆಸುಪಾಸಿನಲ್ಲಿ. ಹಲಸೂರು ಗೇಟ್ ಪೊಲೀಸ್ ಠಾಣೆಯ ಹೆಸರಿನಲ್ಲಿ ಅದರ ಗುರುತು ಉಳಿದಿದೆ. ಅಲ್ಲಿ ಸತ್ತ ತಮ್ಮ ಕಡೆಯವರಿಗಾಗಿ ಬ್ರಿಟಿಷರು ಒಂದು ಎತ್ತರದ ಸ್ಮಾರಕ ಸ್ತಂಭ ನಿಲ್ಲಿಸಿದ್ದರು. ಅದರಿಂದಾಗಿ ಅಲ್ಲಿನ ರಸ್ತೆಗೆ ಸೆನೊಟಾಫ್ ರಸ್ತೆ ಎಂಬ ಹೆಸರಿತ್ತು.

ಕನ್ನಡ ಚಳವಳಿಗಾರರ ಒತ್ತಾಯದ ಮೇಲೆ 1964ರ ಅಕ್ಟೋಬರಿನಲ್ಲಿ ಪಾಲಿಕೆ ಆ ಸ್ತಂಭವನ್ನು ಕೆಡವಿತು. ರಸ್ತೆ ನೃಪತುಂಗ ರಸ್ತೆಯಾಯಿತು. ಪಾಲಿಕೆ ಕಚೇರಿಯ ಮುಂದೆ ಇವತ್ತು ನಿಂತಿರುವುದು ಕೆಂಪೇಗೌಡರ ಪ್ರತಿಮೆ.

ಕೂಗಳತೆಯಲ್ಲೇ ಇದ್ದ ಪುರಭವನದ ಮೇಲೆ ಯಾರೂ ಹಾರೆ ಎತ್ತಲಿಲ್ಲ. ಅದರ ಕಂಬಗಳೂ ಯುರೋಪಿನಿಂದ ಬಂದ ಮಾದರಿಯವೇ. ಕಟ್ಟಿದ್ದೂ ಇಂಗ್ಲಿಷರ ಮೇಲಧಿಕಾರ ಇದ್ದ ಕಾಲದಲ್ಲೇ. ಹಾಗಿದ್ದೂ ಅದನ್ನು ಪರಕೀಯ ಎನ್ನುವ ಮಾತು ಹುಟ್ಟಲಿಲ್ಲ. ಒಂದು ಕಟ್ಟಡ ಯಾರ ಸಾವನ್ನು, ಯಾರ ಗೆಲುವನ್ನು ನೆನಪಿಸುತ್ತದೆ, ಯಾರ ಬಳಕೆಗೆ ಸಿಗುತ್ತದೆ ಎಂಬುದನ್ನು ಜನ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ಕಂಬದ ಮಾದರಿ ಅವರಿಗೆ ಆಮೇಲಿನ ಮಾತು. ಸ್ತಂಭವನ್ನು ಕೆಡವಿದ್ದು ಸರಿಯೋ ತಪ್ಪೋ ಎಂಬ ಚರ್ಚೆ ಇತಿಹಾಸಾಸಕ್ತರಲ್ಲಿ ಈಗಲೂ ಏಳುತ್ತದೆ. ಅದನ್ನು ಎಲ್ಲಾದರೂ ಸಂಗ್ರಹಾಲಯದ ಅಂಗಳಕ್ಕೆ ಸಾಗಿಸಬಹುದಿತ್ತು ಎಂದು ನನಗನ್ನಿಸುತ್ತದೆ. ಆದರೆ ಒಂದು ಬಿದ್ದು ಇನ್ನೊಂದು ಉಳಿದದ್ದರ ಹಿಂದಿನ ತರ್ಕ ಸ್ಪಷ್ಟವಾಗಿಯೇ ಇದೆ.

ಆ ನಡುವಿನ ಒಂದು ಘಟನೆಯನ್ನೂ ಸೇರಿಸಬೇಕು. ಪುರಭವನ ತೆರೆದು ಎರಡು ವರ್ಷವಾಗಿತ್ತು. 1937ರ ಅಕ್ಟೋಬರಿನಲ್ಲಿ ಮುಂಬಯಿಯ ಕಾಂಗ್ರೆಸ್ ನಾಯಕ ಕೆ.ಎಫ್. ನಾರಿಮನ್ ಬೆಂಗಳೂರಿಗೆ ಬಂದರು. ಅವರ ಭಾಷಣ ನಡೆದದ್ದು ಹತ್ತಿರದ ಬನ್ನಪ್ಪ ಪಾರ್ಕಿನಲ್ಲಿ. ಅವರನ್ನು ಬಂಧಿಸಿದಾಗ ಊರು ರೊಚ್ಚಿಗೆದ್ದಿತು, ಪೊಲೀಸರು ಗುಂಡು ಹಾರಿಸಿದರು. ಮುಂದೆ 1942ರ ಚಳವಳಿಯಲ್ಲಿ ಮೈಸೂರು ಬ್ಯಾಂಕ್ ವೃತ್ತದಲ್ಲಿ ಗುಂಡಿಗೆ ಬಿದ್ದವರ ಸ್ಮಾರಕ ಇಂದಿಗೂ ಅಲ್ಲಿದೆ. ಪುರಭವನದಿಂದ ಇವೆರಡೂ ದೂರವಲ್ಲ. ಆಳುವವರನ್ನು ಪ್ರಶ್ನಿಸುವ ಮಾತು ಈ ಭಾಗದ ಬಯಲಿನಲ್ಲಿ, ಬೀದಿಯಲ್ಲಿ ಆಗಲೇ ಬೇರುಬಿಟ್ಟಿತ್ತು. ಅದಿನ್ನೂ ಪುರಭವನದ ಮೆಟ್ಟಿಲು ಹತ್ತಿರಲಿಲ್ಲ, ಅಷ್ಟೆ.

1949ರಲ್ಲಿ ಪೇಟೆ, ದಂಡುಗಳ ಎರಡು ಪುರಸಭೆಗಳು ಕೂಡಿ ಬೆಂಗಳೂರು ನಗರಪಾಲಿಕೆಯಾಯಿತು. ಪೇಟೆಯವರ ಭವನ ಅಂದಿನಿಂದ ಇಡೀ ಊರಿನ ಭವನ. ಮೇಯೋ ಹಾಲ್ ನ್ಯಾಯಾಲಯಗಳಿಗೆ, ಕಚೇರಿಗಳಿಗೆ ಒದಗಿತು. ಅದರ ಮಹಡಿಯಲ್ಲಿ ಈಗ ಕೆಂಪೇಗೌಡರ ವಸ್ತುಸಂಗ್ರಹಾಲಯವಿದೆ. ಊರಿನ ಸಭೆ ಎಂದರೆ ಟೌನ್ ಹಾಲ್ ಎಂಬ ಮಾತು ನಿಂತಿತು.

ಹೊರಗಿನ ಸಭಾಂಗಣ

1963ರಲ್ಲಿ ಅದೇ ಜೆ.ಸಿ. ರಸ್ತೆಯಲ್ಲಿ, ಟ್ಯಾಗೋರರ ಜನ್ಮಶತಾಬ್ದಿಯ ನೆನಪಿನ ರವೀಂದ್ರ ಕಲಾಕ್ಷೇತ್ರ ತೆರೆಯಿತು. ನಾಟಕದವರಿಗೆ ಬೇಕಾದ ರಂಗ, ಬೆಳಕು, ಗ್ರೀನ್ ರೂಮುಗಳಿದ್ದ ಅಲ್ಲಿಗೆ ರಂಗಭೂಮಿ ಸಹಜವಾಗಿ ವಾಲಿತು. 1972ರಲ್ಲಿ ಬಿ.ವಿ. ಕಾರಂತರು ಕಲಾಕ್ಷೇತ್ರದ ಹಿಂದಿನ ಬಯಲಿನಲ್ಲಿ ಆಡಿಸಿದ ನಾಟಕಗಳು ಕನ್ನಡ ರಂಗಭೂಮಿಯ ದಿಕ್ಕನ್ನೇ ಬದಲಿಸಿದವು. 1980ರಲ್ಲಿ ಸಂಗೀತಕ್ಕೆ ಪಿಟೀಲಿನ ಆಕಾರದ ಚೌಡಯ್ಯ ಸ್ಮಾರಕ ಭವನ ಬಂತು. ಪುರಭವನದ ಒಳಗೆ ಉಳಿದದ್ದು ಸಂಘಗಳ ವಾರ್ಷಿಕೋತ್ಸವ, ನೌಕರರ ಸಮಾವೇಶ, ಸನ್ಮಾನ, ಪುಸ್ತಕ ಬಿಡುಗಡೆ, ಶಾಲಾ ಕಾರ್ಯಕ್ರಮಗಳು. ಅವನ್ನು ನಾನು ಕೀಳುಗಳೆಯುವುದಿಲ್ಲ. ಊರಿನ ನಿತ್ಯದ ಸಾಮಾಜಿಕ ಬದುಕು ನಡೆಯುವುದೇ ಇಂಥ ಕಾರ್ಯಕ್ರಮಗಳಲ್ಲಿ. ಆದರೆ ಅದಕ್ಕೆ ಬೇರೆ ಭವನಗಳೂ ಇದ್ದವು.

ಬೇರೆಲ್ಲೂ ಇಲ್ಲದ್ದು ಮುಂಭಾಗ. ಅದು ಪ್ರತಿಭಟನೆಯ ಜಾಗವಾಗಿ ಒದಗಿಬಂದದ್ದಕ್ಕೆ ಕಾರಣಗಳನ್ನು ಬಿಡಿಸಿ ನೋಡಬಹುದು.

ಒಂದು, ಬಸ್ಸು. ಮೆಜೆಸ್ಟಿಕ್, ಮಾರ್ಕೆಟ್ಟು, ಶಿವಾಜಿನಗರ ಎಲ್ಲ ಕಡೆಯಿಂದಲೂ ಇಲ್ಲಿಗೆ ಬಸ್ಸಿದೆ. ಕೆಲಸ ಮುಗಿಸಿ ಬರುವ ಗಾರ್ಮೆಂಟ್ಸ್ ಹೆಣ್ಣುಮಕ್ಕಳಿಗೂ ಪೌರಕಾರ್ಮಿಕರಿಗೂ ವಿದ್ಯಾರ್ಥಿಗಳಿಗೂ ಒಂದೇ ಬಸ್ಸಿನ ಟಿಕೆಟ್ಟಿನಲ್ಲಿ ತಲುಪಬಹುದಾದ ಜಾಗ. ಇನ್ನೊಂದು, ಸಿಗ್ನಲ್. ಕೆಂಪು ದೀಪಕ್ಕೆ ನಿಂತ ಬಸ್ಸಿನ ಕಿಟಕಿಯಿಂದ ಭಿತ್ತಿಪತ್ರಗಳನ್ನು ಓದಲು ಬೇಕಾದಷ್ಟು ಹೊತ್ತು ಸಿಗುತ್ತದೆ. ಪ್ರತಿಭಟನೆಗೆ ಬಾರದವರೂ ಅದರ ಓದುಗರಾಗುತ್ತಾರೆ. ಇದರ ಜೊತೆಗೆ ಮೆಟ್ಟಿಲಿನ ಇಳಿಜಾರು. ಇನ್ನೂರು ಜನ ನೆಲದಲ್ಲಿ ನಿಂತರೆ ಮುಂದಿನ ಸಾಲು ಮಾತ್ರ ಕಾಣುತ್ತದೆ. ಅದೇ ಜನ ಮೆಟ್ಟಿಲ ಮೇಲೆ ನಿಂತರೆ ಪ್ರತಿಯೊಬ್ಬರ ಮುಖವೂ ಕೈಯಲ್ಲಿನ ರಟ್ಟಿನ ಹಲಗೆಯೂ ಕಾಣುತ್ತದೆ, ಒಂದೇ ಚಿತ್ರದಲ್ಲಿ ಎಲ್ಲರೂ ಹಿಡಿಸುತ್ತಾರೆ. ಪತ್ರಿಕೆಯ ಛಾಯಾಗ್ರಾಹಕರಿಗೆ ಇದು ಚೆನ್ನಾಗಿ ಗೊತ್ತಿತ್ತು. ಹಣವಿಲ್ಲದ ಸಣ್ಣ ಸಂಘಟನೆಗೆ ವೇದಿಕೆ, ಶಾಮಿಯಾನ, ಮೈಕಿನ ಖರ್ಚಿಲ್ಲದೆ ಕೆಲಸ ಆಗುತ್ತಿತ್ತು.

ಕೊನೆಯ ಕಾರಣವೇ ನನ್ನ ಮಟ್ಟಿಗೆ ದೊಡ್ಡದು: ಕಟ್ಟಡದ ಒಡೆತನ ನಗರಪಾಲಿಕೆಯದು. ಕೂಗಳತೆಯಲ್ಲಿ ಪಾಲಿಕೆಯ ಕೇಂದ್ರ ಕಚೇರಿ. ಕಸ, ನೀರು, ಗುತ್ತಿಗೆ ಕೂಲಿ, ರಸ್ತೆ ಗುಂಡಿ, ಬೀದಿ ವ್ಯಾಪಾರಿಗಳ ಎತ್ತಂಗಡಿ, ಇವುಗಳ ಬಗ್ಗೆ ಕೇಳಬೇಕಾದವರಿಗೆ ಕೇಳುವಷ್ಟು ಹತ್ತಿರ. ತನ್ನ ಭವನದ ಮೆಟ್ಟಿಲ ಮೇಲೆ ತನ್ನನ್ನೇ ಪ್ರಶ್ನಿಸುವ ಜನರಿಗೆ ಪಾಲಿಕೆ ದಶಕಗಳ ಕಾಲ ಜಾಗ ಬಿಟ್ಟಿತ್ತು. ಯಾರೂ ಅದನ್ನು ಕಾನೂನು ಮಾಡಿ ಕೊಟ್ಟಿರಲಿಲ್ಲ, ಬಳಕೆಯಿಂದ ಬಂದ ಹಕ್ಕು ಅದು. ಯಾವ ಪಕ್ಷದವರೂ ಇದಕ್ಕೆ ಹೊರತಲ್ಲ. ಇವತ್ತು ಆಡಳಿತದಲ್ಲಿದ್ದವರು ನಾಳೆ ವಿರೋಧಪಕ್ಷವಾದಾಗ ಅವರೂ ಅಲ್ಲಿಗೇ ಬಂದರು. ಕನ್ನಡಪರ ಸಂಘಟನೆಗಳು, ರೈತರು, ದಲಿತ ಸಂಘಟನೆಗಳು, ಮಹಿಳಾ ಸಂಘಟನೆಗಳು ಎಲ್ಲರದೂ ಅದೇ ಮೆಟ್ಟಿಲು.

2017ರ ಜೂನ್ 28ರಂದು, ಗುಂಪು ಹತ್ಯೆಗಳ ವಿರುದ್ಧ ದೇಶದ ಹಲವು ನಗರಗಳಲ್ಲಿ ಒಂದೇ ದಿನ ಪ್ರತಿಭಟನೆ ನಡೆದಾಗ ಬೆಂಗಳೂರಿನವರು ಸೇರಿದ್ದು ಇಲ್ಲಿ. ಗಿರೀಶ ಕಾರ್ನಾಡರು ಆರೋಗ್ಯ ಸರಿಯಿಲ್ಲದಿದ್ದರೂ ಬಂದಿದ್ದರು. ಅದೇ ವರ್ಷದ ಸೆಪ್ಟೆಂಬರ್ 5ರಂದು ಗೌರಿ ಲಂಕೇಶ್ ಹತ್ಯೆಯಾದ ಮೇಲೆ ಜನ ದುಃಖ, ಸಿಟ್ಟು ಎರಡನ್ನೂ ಹೊತ್ತು ಬಂದದ್ದು ಇದೇ ಟೌನ್ ಹಾಲ್ ಮುಂದೆ ಮತ್ತು ಪಕ್ಕದ ಕಲಾಕ್ಷೇತ್ರದ ಅಂಗಳಕ್ಕೆ. ಎಲ್ಲಿ ಸೇರಬೇಕು ಎಂದು ಯಾರೂ ಯಾರನ್ನೂ ಕೇಳಬೇಕಾಗಿರಲಿಲ್ಲ.

ಮೆಟ್ಟಿಲು ಖಾಲಿಯಾದದ್ದು

2019ರ ಡಿಸೆಂಬರ್ 19ರ ದಿನ ಈ ಪ್ರಕರಣದ ತಿರುವು. ಪೌರತ್ವ ತಿದ್ದುಪಡಿ ಕಾಯ್ದೆಯ ವಿರುದ್ಧ ಪ್ರತಿಭಟನೆಗೆ ಕರೆಯಿತ್ತು. ಹಿಂದಿನ ದಿನವೇ ನಗರದಲ್ಲಿ 144ನೇ ಸೆಕ್ಷನ್ ಹಾಕಲಾಗಿತ್ತು. ಆದರೂ ಜನ ಬಂದರು. ಇತಿಹಾಸಕಾರ ರಾಮಚಂದ್ರ ಗುಹಾ ಸುದ್ದಿವಾಹಿನಿಯೊಂದಕ್ಕೆ ಮಾತಾಡುತ್ತಿದ್ದಾಗಲೇ ಪೊಲೀಸರು ಅವರನ್ನು ಎಳೆದೊಯ್ದರು. ಆ ದೃಶ್ಯವನ್ನು ದೇಶವೆಲ್ಲ ನೋಡಿತು. ವಶಕ್ಕೆ ತೆಗೆದುಕೊಂಡವರನ್ನು ಬಸ್ಸುಗಳಲ್ಲಿ ತುಂಬಿ ಕರೆದೊಯ್ದ ಹಾಗೆ ಮತ್ತಷ್ಟು ಜನ ಬರುತ್ತಲೇ ಇದ್ದರು. ಅದೇ ಜಾಗದಲ್ಲಿ ಅದೇ ದಿನ ಇನ್ನೊಂದು ದೃಶ್ಯವೂ ಆಯಿತು: ಕೇಂದ್ರ ವಿಭಾಗದ ಡಿಸಿಪಿ ಪ್ರತಿಭಟನಕಾರರ ಮುಂದೆ ನಿಂತು ರಾಷ್ಟ್ರಗೀತೆ ಹಾಡತೊಡಗಿದರು, ಕೂತಿದ್ದವರೆಲ್ಲ ಎದ್ದು ನಿಂತು ದನಿಗೂಡಿಸಿದರು, ಮುಗಿದ ಮೇಲೆ ಜನ ಚದುರಿದರು. ಈ ಎರಡನ್ನೂ ಒಟ್ಟಿಗೆ ಇಟ್ಟು ನೋಡಬೇಕು ಎಂಬುದು ನನ್ನ ಅಭಿಪ್ರಾಯ. ಆ ಮೆಟ್ಟಿಲು ಎಂಥ ಜಾಗವಾಗಿತ್ತು ಎಂಬುದಕ್ಕೆ ಇವೆರಡೂ ಸಾಕ್ಷಿ.

2020ರ ಫೆಬ್ರವರಿಯಲ್ಲಿ ಹೈಕೋರ್ಟ್ ಆ 144ನೇ ಸೆಕ್ಷನ್ ಆದೇಶ ಕಾನೂನುಬಾಹಿರ ಎಂದು ಹೇಳಿತು. ಆದರೆ 2020ರ ಆರಂಭದಲ್ಲೇ ಪಾಲಿಕೆ ಇನ್ನೊಂದು ಹೆಜ್ಜೆ ಇಟ್ಟಿತ್ತು. ಪುರಭವನದ ಮುಂದೆ ಪ್ರತಿಭಟನೆಗೆ ಅವಕಾಶ ಬೇಡ ಎಂದು ಅದರ ಸಭೆ ನಿರ್ಣಯ ಮಾಡಿತು. ಪ್ರತಿಭಟನೆಗಳಿಂದ ಸಭಾಂಗಣವನ್ನು ಬಾಡಿಗೆಗೆ ಪಡೆಯುವವರು ಕಡಿಮೆಯಾಗುತ್ತಿದ್ದಾರೆ, ಸಂಚಾರಕ್ಕೆ ಅಡ್ಡಿಯಾಗುತ್ತಿದೆ ಎಂಬುದು ಕೊಟ್ಟ ಕಾರಣ. 2021ರಲ್ಲಿ ಹೈಕೋರ್ಟ್ ನಗರದ ಮೆರವಣಿಗೆಗಳಿಂದಾಗುವ ಸಂಚಾರ ದಟ್ಟಣೆಯ ವಿಷಯವನ್ನು ಸ್ವಯಂಪ್ರೇರಿತವಾಗಿ ಕೈಗೆತ್ತಿಕೊಂಡಿತು. ಅದೇ ವರ್ಷ ನಗರ ಪೊಲೀಸರು ಹೊರಡಿಸಿದ ಆದೇಶದ ಪ್ರಕಾರ ಬೆಂಗಳೂರಿನಲ್ಲಿ ಪ್ರತಿಭಟನೆಗೆ ಒಂದೇ ಜಾಗ: ಫ್ರೀಡಂ ಪಾರ್ಕ್. 2022ರಲ್ಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು.

ಫ್ರೀಡಂ ಪಾರ್ಕಿಗೂ ದೊಡ್ಡ ಚರಿತ್ರೆಯಿದೆ. ಅದು ಹಳೆಯ ಕೇಂದ್ರ ಕಾರಾಗೃಹ. ತುರ್ತುಪರಿಸ್ಥಿತಿಯಲ್ಲಿ ವಾಜಪೇಯಿ, ಅಡ್ವಾಣಿಯಂಥವರನ್ನು ಕೂಡಿಹಾಕಿದ್ದ ಜೈಲು. ಸಾವಿರಾರು ಜನ ಹಗಲು ರಾತ್ರಿ ಕೂರುವ ಧರಣಿಗೆ ಅದು ಬೇಕಾದ ಜಾಗವೇ. ಸಂಚಾರದ ಕಾರಣವೂ ಸುಳ್ಳಲ್ಲ. ಜೆ.ಸಿ. ರಸ್ತೆಯಲ್ಲಿ ಆಂಬುಲೆನ್ಸ್ ಸಿಕ್ಕಿಹಾಕಿಕೊಂಡರೆ ಅದರಲ್ಲಿ ಮಲಗಿದವರ ಹಕ್ಕೂ ಹಕ್ಕೇ. ಹತ್ತಿರದಲ್ಲೇ ವಿಕ್ಟೋರಿಯಾ ಆಸ್ಪತ್ರೆಯಿದೆ. ಆದರೆ ಹತ್ತು ಸಾವಿರ ಜನರ ಮೆರವಣಿಗೆಗೂ ಇನ್ನೂರು ಜನ ಮೆಟ್ಟಿಲ ಮೇಲೆ ಒಂದು ಗಂಟೆ ನಿಂತು ಹೋಗುವುದಕ್ಕೂ ಒಂದೇ ಅಳತೆ ಹಿಡಿದದ್ದನ್ನು ನಾನು ಒಪ್ಪುವುದಿಲ್ಲ. ಫ್ರೀಡಂ ಪಾರ್ಕಿನ ಗೋಡೆಯೊಳಗೆ ಕೂತವರ ಮಾತು ಕೇಳುವುದು ಬಂದೋಬಸ್ತಿನ ಪೊಲೀಸರಿಗೆ, ಜೊತೆಗೆ ಕೂತವರಿಗೆ. ಬಸ್ಸಿನ ಕಿಟಕಿಯ ಓದುಗ ಅಲ್ಲಿ ಇಲ್ಲ.

ಹಾನಿ ಇಬ್ಬರಿಗೂ ಆಯಿತು. ಪ್ರತಿಭಟಿಸುವವರು ತಮ್ಮ ಜಾಗ ಕಳೆದುಕೊಂಡರು. ಪುರಭವನ ಬಾಡಿಗೆಯ ಲೆಕ್ಕಕ್ಕೆ ಇಳಿದ ಅನೇಕ ಸಭಾಂಗಣಗಳಲ್ಲಿ ಒಂದಾಯಿತು. ಬಳಕೆ ತಪ್ಪಿದ ಹಳೆಯ ಕಟ್ಟಡಗಳ ಗತಿಯನ್ನು ಮೈಸೂರಿನಲ್ಲಿ ನೋಡಿದ್ದೇವೆ. 2012ರಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ವರು ಸತ್ತರು. 2016ರಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗ ಬಿತ್ತು. ಉಳಿಸಬೇಕೋ ಕೆಡವಬೇಕೋ ಎಂಬ ಜಗಳ ಆಮೇಲೆ ವರ್ಷಗಟ್ಟಲೆ ಎಳೆಯಿತು. ಬೆಂಗಳೂರಿನ ಪುರಭವನಕ್ಕೆ ಅಂಥ ಅಪಾಯ ಸದ್ಯ ಕಾಣುವುದಿಲ್ಲ. ದುರಸ್ತಿ, ನವೀಕರಣ ನಡೆದುಕೊಂಡು ಬಂದಿವೆ. ಆದರೆ ನಾಳೆ ಯಾವುದೋ ಮೇಲ್ಸೇತುವೆಗೋ ವಾಣಿಜ್ಯ ಸಂಕೀರ್ಣಕ್ಕೋ ಈ ಜಾಗ ಬೇಕು ಎಂದಾಗ ಅಡ್ಡ ನಿಲ್ಲುವ ಜನ ಯಾರು? ಅದರ ಮೆಟ್ಟಿಲಲ್ಲಿ ಒಮ್ಮೆಯಾದರೂ ನಿಂತವರು.

ಏನು ಮಾಡಬಹುದು

ಇದನ್ನು ಸರಿಮಾಡುವುದು ಕಷ್ಟದ ಕೆಲಸವಲ್ಲ ಎಂದು ನಾನು ನಂಬುತ್ತೇನೆ. ಸಣ್ಣ ಸಭೆಗಳಿಗೆ ಮೆಟ್ಟಿಲನ್ನು ಮತ್ತೆ ಬಿಟ್ಟುಕೊಡಬಹುದು: ಸಂಖ್ಯೆಗೆ ಮಿತಿ, ದಟ್ಟಣೆಯ ಹೊತ್ತು ಬಿಟ್ಟು ಒಂದೆರಡು ಗಂಟೆ, ಧ್ವನಿವರ್ಧಕ ಇಲ್ಲ, ರಸ್ತೆಗೆ ಇಳಿಯುವಂತಿಲ್ಲ, ಮುಂಚಿತವಾಗಿ ತಿಳಿಸಿದರೆ ಸಾಕು. ಒಳಗೆ ಕಾರ್ಯಕ್ರಮ ಇರುವ ದಿನಗಳ ಪಟ್ಟಿ ಪಾಲಿಕೆಯ ಕೈಯಲ್ಲೇ ಇರುತ್ತದೆ; ಅವನ್ನು ಹೊರಗಿಟ್ಟರೆ ಬಾಡಿಗೆಗೂ ನಷ್ಟವಿಲ್ಲ. ದೊಡ್ಡ ಧರಣಿಗಳಿಗೆ ಫ್ರೀಡಂ ಪಾರ್ಕ್ ಇದ್ದೇ ಇದೆ. ಹೈಕೋರ್ಟಿನ ಆದೇಶ ಇರುವಾಗ ಇದು ತಾನಾಗಿ ಆಗುವುದಿಲ್ಲ. ಯಾರಾದರೂ ಲಿಖಿತ ಯೋಜನೆ ಹಿಡಿದು ನ್ಯಾಯಾಲಯದ ಮುಂದೆ ಹೋಗಬೇಕು, ಮತ್ತು ಆ ಯಾರಾದರೂ ಕಟ್ಟಡದ ಒಡೆಯರೇ ಆಗಿದ್ದರೆ ಮಾತಿಗೆ ತೂಕ ಹೆಚ್ಚು.

ಒಳಗಿನ ಸಭಾಂಗಣವನ್ನೂ ಊರಿನವರಿಗೆ ಹತ್ತಿರ ಮಾಡಬೇಕು. ವಾರ್ಡ್ ಸಮಿತಿಗಳು ವರ್ಷಕ್ಕೊಮ್ಮೆ ಇಲ್ಲಿ ಸೇರಿ ತಮ್ಮ ವಾರ್ಡಿನ ಲೆಕ್ಕವನ್ನು ಸಾರ್ವಜನಿಕರ ಮುಂದಿಡಲಿ. ಹವ್ಯಾಸಿ ತಂಡಗಳಿಗೆ, ಸರ್ಕಾರಿ ಶಾಲೆಗಳಿಗೆ ವಾರದ ನಡುವಿನ ದಿನಗಳಲ್ಲಿ ಬಾಡಿಗೆ ಇಳಿಸಲಿ. ಪಡಸಾಲೆಯಲ್ಲಿ 1791ರಿಂದ ಇವತ್ತಿನವರೆಗಿನ ಈ ಕೂಡುರಸ್ತೆಯ ಕಥೆ ಹೇಳುವ ಫಲಕಗಳು ಕನ್ನಡದಲ್ಲಿ ಬರಲಿ, ಕೆಡವಿದ ಸ್ತಂಭದ ವಿಷಯವೂ 2019ರ ಡಿಸೆಂಬರಿನ ವಿಷಯವೂ ಅದರಲ್ಲಿರಲಿ.

ಬೆಂಗಳೂರಿನ ಪಾಲಿಕೆಯ ಚುನಾಯಿತ ಸದಸ್ಯರ ಅವಧಿ ಮುಗಿದದ್ದು 2020ರ ಸೆಪ್ಟೆಂಬರಿನಲ್ಲಿ. ಅಧಿಕಾರಿಗಳ ಆಡಳಿತದಲ್ಲೇ ವರ್ಷಗಳು ಕಳೆದವು. 2025ರ ಸೆಪ್ಟೆಂಬರಿನಲ್ಲಿ ನಗರವನ್ನು ಐದು ಪಾಲಿಕೆಗಳಾಗಿ ಹಂಚಲಾಯಿತು. ಮೆಟ್ಟಿಲಿಂದ ಜನರನ್ನು ದೂರ ಇಡುವ ನಿರ್ಣಯ ಮಾಡಿದ ಸಭೆ ಇವತ್ತು ಇಲ್ಲ. ಹೊಸ ಸದಸ್ಯರು ಆಯ್ಕೆಯಾಗಿ ಬಂದಾಗ ಅವರಿಗೆ ಕೊಡಬೇಕಾದ ಅರ್ಜಿಯಲ್ಲಿ ಎರಡೇ ಬೇಡಿಕೆ ಸಾಕು: 2020ರ ನಿರ್ಣಯವನ್ನು ರದ್ದುಮಾಡಿ, ಮಿತಿಗಳನ್ನು ಬರೆದ ಯೋಜನೆಯೊಂದನ್ನು ಪೊಲೀಸ್ ಆಯುಕ್ತರ ಜೊತೆ ಕೂತು ಸಿದ್ಧಪಡಿಸಿ ಹೈಕೋರ್ಟಿಗೆ ಸಲ್ಲಿಸಿ.